ಐದು ಸಲ ಶಿಫ್ಟ್ ಒತ್ತಿದ್ದಕ್ಕೆ

ಬಲಗೈ ಮಣಿಕಟ್ಟು ಮುರಿದು, ಪ್ಲೇಟ್ ಹಾಕಿಸಿಕೊಂಡು, ಬೆರಳುಗಳಿಗೆ ಬಲ ಮರಳಲು ಐದು ತಿಂಗಳು ಹಿಡಿಯಿತು. ಆಪರೇಷನ್ ಮಾಡಿದ ಡಾಕ್ಟರಿಗೆ, ನಾನು ಎಷ್ಟು ನರಳಿದರೂ ಬಿಡದೆ ದಿನಾ ಬೆರಳು ಮಡಿಸಿ ಬಿಡಿಸಿದ ಫಿಸಿಯೋಥೆರಪಿಸ್ಟ್‌ಗೆ, ನನ್ನ ಪಾಲಿನ ಕೆಲಸಕ್ಕೂ ಹೆಗಲು ಕೊಟ್ಟ ಸಹೋದ್ಯೋಗಿಗಳಿಗೆ, ಬೆಳಿಗ್ಗೆ ಎದ್ದು ಅಂಗಿಯ ಗುಂಡಿ ಹಾಕಿಕೊಟ್ಟ ಮನೆಯವರಿಗೆ ಎದುರಿಗೇ ಧನ್ಯವಾದ ಹೇಳಿದ್ದೇನೆ. ಎದುರಿಗೆ ಹೇಳಲಾಗದ ಕೆಲವರು ಉಳಿದಿದ್ದಾರೆ. ಈ ಬರಹ ಅವರಿಗೆ.

ವಿಂಡೋಸ್ 95ರ ಕಾಲದಿಂದ ನಾನು ಮೈಕ್ರೋಸಾಫ್ಟ್ ಬಳಕೆದಾರ. ಏನೋ ಯೋಚಿಸುತ್ತಾ ಶಿಫ್ಟ್ ಕೀಯನ್ನು ಐದು ಸಲ ತಟ್ಟಿದಾಗಲೆಲ್ಲ ಸ್ಟಿಕಿ ಕೀಸ್ ಬೇಕೇ ಎಂದು ಕೇಳುವ ಪುಟ್ಟ ಚೌಕ ಎದ್ದು ಬರುತ್ತಿತ್ತು. ಸಿಡುಕಿ ಮುಚ್ಚುತ್ತಿದ್ದೆ. ಅದರಲ್ಲಿ ಏನು ಬರೆದಿದೆ ಎಂದು ಒಮ್ಮೆಯೂ ಓದಿರಲಿಲ್ಲ. ಕಟ್ಟು ಹಾಕಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ಎಕ್ಸೆಲ್ ತೆರೆದ ದಿನ ಓದಿದೆ. ಒಟ್ಟಿಗೆ ಒತ್ತಬೇಕಾದ ಕೀಗಳನ್ನು ಒಂದಾದ ಮೇಲೊಂದರಂತೆ ಒತ್ತಲು ಬಿಡುವ ಸೌಲಭ್ಯ ಅದು.

ನನ್ನದು ಲೆಕ್ಕಪತ್ರದ ಕೆಲಸ. ಕಂಟ್ರೋಲ್, ಶಿಫ್ಟ್, ಎಂಡ್ ಮೂರನ್ನೂ ಒಟ್ಟಿಗೆ ಒತ್ತುವುದು ದಿನಕ್ಕೆ ಎಷ್ಟು ಸಲವೋ. ಎಡಗೈ ಒಂದೇ ಅಷ್ಟು ದೂರ ಚಾಚುವುದಿಲ್ಲ. ಸ್ಟಿಕಿ ಕೀಸ್ ಆನ್ ಮಾಡಿ ಕಂಟ್ರೋಲ್ ಒತ್ತಿ ಬಿಟ್ಟೆ, ಸಣ್ಣ ಸದ್ದಾಯಿತು. ಶಿಫ್ಟ್ ಒತ್ತಿ ಬಿಟ್ಟೆ, ಇನ್ನೊಂದು ಸದ್ದು. ಕೈಯನ್ನು ನಿಧಾನವಾಗಿ ಆ ತುದಿಗೆ ಸರಿಸಿ ಎಂಡ್ ಒತ್ತಿದೆ. ಕೊನೆಯ ಸಾಲಿನವರೆಗೂ ಹಾಳೆ ಸೆಲೆಕ್ಟ್ ಆಯಿತು. ಕಣ್ಣು ತುಂಬಿ ಬಂತು. ಆಸ್ಪತ್ರೆಯಲ್ಲೂ ನಾನು ಅತ್ತಿರಲಿಲ್ಲ.

ಮೌಸ್‌ನ ಗುಂಡಿಗಳನ್ನು ಎಡಗೈಗೆ ಅದಲು ಬದಲು ಮಾಡಿಕೊಂಡಿದ್ದು, ಎಡಗೈಯೂ ದಣಿದಾಗ ಮೌಸ್ ಕೀಸ್ ಹಾಕಿ ನಂಬರ್ ಪ್ಯಾಡ್‌ನಿಂದಲೇ ಬಾಣದ ಗುರುತನ್ನು ಓಡಾಡಿಸಿದ್ದು ಆಮೇಲಿನ ಮಾತು. ಯಾವುದಕ್ಕೂ ಬೇರೆ ಸಾಫ್ಟ್‌ವೇರ್ ಕೊಳ್ಳಬೇಕಾಗಲಿಲ್ಲ. ಎಲ್ಲವೂ ಮೊದಲಿನಿಂದ ಅಲ್ಲೇ ಇತ್ತು.

ಇವುಗಳ ಮೂಲ ಹುಡುಕುತ್ತಾ ಹೋದರೆ ಅಮೆರಿಕದ ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾಲಯದಲ್ಲಿ ಆಗ ಇದ್ದ ಟ್ರೇಸ್ ಸೆಂಟರ್ ಎಂಬ ಸಂಶೋಧನಾ ಕೇಂದ್ರ ಸಿಗುತ್ತದೆ. ಗ್ರೆಗ್ ವಾಂಡರ್‌ಹೈಡನ್ ಮತ್ತು ಅವರ ತಂಡ ಅಂಗವಿಕಲರಿಗಾಗಿ ಮಾಡಿದ ಕೆಲಸ ಅದು. ಹಳೆಯ ವಿಂಡೋಸ್‌ಗೆ ಬೇರೆಯಾಗಿ ಸೇರಿಸಿಕೊಳ್ಳಬೇಕಿದ್ದದ್ದನ್ನು ಮೈಕ್ರೋಸಾಫ್ಟ್ ವಿಂಡೋಸ್ 95ರೊಳಗೇ ಇಟ್ಟಿತು. ನನ್ನ ಮಟ್ಟಿಗೆ ಆ ಕಂಪನಿ ಮಾಡಿದ ಅತಿ ದೊಡ್ಡ ಕೆಲಸ ಇದೇ.

ಅದರ ಎಲ್ಲ ನಿರ್ಧಾರಗಳನ್ನೂ ನಾನು ಒಪ್ಪುವವನಲ್ಲ. ವಿಂಡೋಸ್ 8ರಲ್ಲಿ ಸ್ಟಾರ್ಟ್ ಬಟನ್ ತೆಗೆದದ್ದು ತಪ್ಪು ಎಂದೇ ಈಗಲೂ ನನ್ನ ಅಭಿಪ್ರಾಯ, 8.1ರಲ್ಲಿ ಅವರೇ ಅದನ್ನು ವಾಪಸ್ ತಂದರು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ನಿಲ್ಲಿಸಿದಾಗ, 11ಕ್ಕೆ ಏರಲಾಗದ ಗಟ್ಟಿಮುಟ್ಟಾದ ಕಂಪ್ಯೂಟರುಗಳನ್ನು ನೆನೆದು ಸಂಕಟವಾಯಿತು. ಇದನ್ನೆಲ್ಲ ಹೇಳುತ್ತಲೇ ಇರುತ್ತೇನೆ. ಆದರೆ ಇಷ್ಟೊಂದು ಆವೃತ್ತಿಗಳು ಬಂದು ಹೋದರೂ, ಮೆನುಗಳು ಜಾಗ ಬದಲಿಸಿದರೂ, ಆ ಐದು ತಟ್ಟುಗಳ ದಾರಿಯನ್ನು ಅವರು ಮುಚ್ಚಲಿಲ್ಲ. ಅದು ಯಾಕೆ ಒಂದೇ ಕೀ ಎಂಬುದು ನನಗೆ ಹೊಳೆದದ್ದು ಕೈ ಮುರಿದ ಮೇಲೆ: ಎರಡು ಕೀ ಒಟ್ಟಿಗೆ ಒತ್ತಲಾಗದವರಿಗೆ ಬಾಗಿಲು ಒಂದೇ ಕೀಯಿಂದ ತೆರೆಯಬೇಕಲ್ಲ. ನನ್ನಂಥವರ ಸಿಡುಕಿಗೆ ಮಣಿದು ಅದನ್ನು ತೆಗೆದುಹಾಕದೆ ಉಳಿಸಿಕೊಂಡು ಬಂದವರೇ, ನಿಮ್ಮ ಹೆಸರು ನನಗೆ ಗೊತ್ತಿಲ್ಲ, ನಿಮಗೆ ಕೈಮುಗಿಯುತ್ತೇನೆ.

ಹೋದ ಸೋಮವಾರ ಒಂದು ಪಟ್ಟಿ ಪ್ರಿಂಟ್ ಮಾಡಬೇಕಿತ್ತು. ಯೋಚಿಸದೆಯೇ ಎಡಗೈ ಕಂಟ್ರೋಲ್ ಹಿಡಿಯಿತು, ಬಲಗೈ ಹೋಗಿ ಪಿ ಒತ್ತಿತು. ಕಂಪ್ಯೂಟರಿನಿಂದ ಸದ್ದೊಂದು ಬಂತು. ಎರಡು ಕೀಗಳನ್ನು ಒಟ್ಟಿಗೆ ಒತ್ತಿದರೆ ಸ್ಟಿಕಿ ಕೀಸ್ ತಾನಾಗಿಯೇ ಆಫ್ ಆಗುತ್ತದೆ. ನನ್ನ ಬಲಗೈ ವಾಪಸ್ ಬಂದದ್ದು ನನಗಿಂತ ಮೊದಲು ಅದಕ್ಕೆ ತಿಳಿಯಿತು.