ಆರನೆಯ ಬೇಸಿಗೆಯೂ ದಾಟಿತು: ಬಂಡೀಪುರದ ಬೆನ್ನಿಗೆ ನಿಂತವರಿಗೆ ನಮ್ಮ ಕೃತಜ್ಞತೆ

ಭರಣಿ ಮಳೆ ಎರಡು ಸಲ ಚೆನ್ನಾಗಿ ಸುರಿದು, ಗೋಪಾಲಸ್ವಾಮಿ ಬೆಟ್ಟದ ಇಳಿಜಾರಿನಲ್ಲಿ ಹೊಸ ಹುಲ್ಲು ಕಾಣಿಸಿಕೊಂಡ ಮೇಲೆ, ಬೆಂಕಿ ಕಾವಲಿಗೆಂದು ಸೇರಿದ್ದ ಯುವಕರು ತಮ್ಮ ತಮ್ಮ ಹಾಡಿಗಳಿಗೂ ಊರುಗಳಿಗೂ ಹಿಂದಿರುಗಿದ್ದಾರೆ. ನಾವು ನೆರವು ಕೊಡುವ ಶಿಬಿರಗಳಲ್ಲಿ ಈ ಸಲ ಒಬ್ಬರಿಗೂ ಸುಟ್ಟ ಗಾಯವಾಗಲಿಲ್ಲ. ಈ ಮಾತನ್ನು ಮೊದಲು ಬರೆದು ಉಳಿದದ್ದನ್ನು ಆಮೇಲೆ ಹೇಳುವುದೇ ಸರಿಯೆಂದು ನನಗೆ ತೋರುತ್ತದೆ. 2019ರಲ್ಲಿ ಹುಟ್ಟಿಕೊಂಡ ನಮ್ಮ ಪುಟ್ಟ ಪ್ರತಿಷ್ಠಾನಕ್ಕೆ ಇದು ಆರನೆಯ ಬೇಸಿಗೆ. ಇಷ್ಟು ದೂರ ಬರುತ್ತೇವೆಂದು ನಾವು ಐದು ಜನ ವಿಶ್ವಸ್ತರೂ ಅಂದುಕೊಂಡಿರಲಿಲ್ಲ. ನಡೆಸಿಕೊಂಡು ಬಂದವರು ದಾನಿಗಳಾದ ನೀವು. ಆದ್ದರಿಂದ ಲೆಕ್ಕಪತ್ರದ ಜೊತೆಗೆ ಈ ನಾಲ್ಕು ಮಾತುಗಳನ್ನೂ ನಿಮ್ಮ ಮುಂದಿಡುವುದು ಖಜಾಂಚಿಯಾದ ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

2019ರ ಫೆಬ್ರುವರಿಯ ಕೊನೆಯ ವಾರವನ್ನು ಈ ಭಾಗದವರು ಯಾರೂ ಮರೆತಿಲ್ಲ. ಒಣಗಿ ನಿಂತಿದ್ದ ಹುಲ್ಲಿಗೂ ಲಂಟಾನ ಪೊದೆಗಳಿಗೂ ಹತ್ತಿದ ಬೆಂಕಿ ಗಾಳಿಯ ಜೊತೆ ಸೇರಿ ಗುಡ್ಡದಿಂದ ಗುಡ್ಡಕ್ಕೆ ಹಾರುತ್ತಾ ಹತ್ತು ಸಾವಿರ ಎಕರೆಗೂ ಮಿಕ್ಕಿ ಕಾಡನ್ನು ಸುಟ್ಟಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರ್‌ಗಳು ಬಂದು ಆಕಾಶದಿಂದ ನೀರು ಸುರಿಯಬೇಕಾಯಿತು. ಆ ದಿನಗಳಲ್ಲಿ ಕಾಡಂಚಿನ ನಮ್ಮ ಮನೆಯಂಗಳದಲ್ಲಿ ಒಣಹಾಕಿದ್ದ ಹುರುಳಿಯ ಮೇಲೆ ಬೂದಿ ಬಿದ್ದಿತ್ತು. ಬೆಳಿಗ್ಗೆ ಮೊರದಲ್ಲಿ ಕೇರುವಾಗ ನನ್ನ ಹೆಂಡತಿ ಒಂದು ಸುಟ್ಟ ಎಲೆಯನ್ನು ಎತ್ತಿ ತೋರಿಸಿದಳು. ನರಗಳೆಲ್ಲ ಹಾಗೆಯೇ ಉಳಿದು, ಮುಟ್ಟಿದೊಡನೆ ಪುಡಿಯಾದ ತೇಗದ ಎಲೆ ಅದು.

ಬೆಂಕಿ ಆರಿದ ಮೇಲೆ ಅನ್ನ, ಮಜ್ಜಿಗೆ ತೆಗೆದುಕೊಂಡು ಹೋದವರಲ್ಲಿ ನಾನೂ ಒಬ್ಬ. ಹಸಿ ಸೊಪ್ಪಿನ ಕೊಂಬೆಗಳಿಂದ ಬಡಿದು ಬಡಿದು ಬೆಂಕಿ ಆರಿಸಿದ ಜೇನುಕುರುಬರ ಹುಡುಗನೊಬ್ಬ ರಸ್ತೆಯ ಪಕ್ಕದಲ್ಲಿ ಕುಳಿತು ಕಾಲಿನಿಂದ ಚಪ್ಪಲಿ ಬಿಡಿಸಲು ಯತ್ನಿಸುತ್ತಿದ್ದ. ಸಾಮಾನ್ಯ ರಬ್ಬರಿನ ಹವಾಯಿ ಚಪ್ಪಲಿ. ಅಟ್ಟೆ ಕರಗಿ ಹಿಮ್ಮಡಿಯ ಚರ್ಮಕ್ಕೆ ಅಂಟಿಕೊಂಡಿತ್ತು. ಅವನು ನೋವೆಂದು ಒಂದು ಮಾತೂ ಆಡಲಿಲ್ಲ, ನೀರು ಮಾತ್ರ ಕೇಳಿದ. ನಮ್ಮ ಪ್ರತಿಷ್ಠಾನದ ಉದ್ದೇಶಗಳನ್ನು ಟ್ರಸ್ಟ್ ಪತ್ರದಲ್ಲಿ ಹಲವು ಸಾಲುಗಳಲ್ಲಿ ಬರೆಸಿದ್ದೇವಾದರೂ, ಕಾಡು ಕಾಯುವವರ ಕಾಲಿಗೆ ಸರಿಯಾದ ಶೂ ಇರಬೇಕು ಎಂಬ ಒಂದೇ ಯೋಚನೆಯಿಂದ ಅದು ಹುಟ್ಟಿತು.

ರಾಷ್ಟ್ರೀಯ ಉದ್ಯಾನವೊಂದರ ಸಂರಕ್ಷಣೆಗೆ ಸರ್ಕಾರದ ಹಣವಿದೆಯಲ್ಲ, ನಿಮ್ಮಂಥವರ ಅಗತ್ಯವೇನು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ಆಯ್ಕೆಯಾದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2006ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಪ್ರತಿ ಹುಲಿ ಸಂರಕ್ಷಿತ ಪ್ರದೇಶಕ್ಕೂ ಒಂದು ಹುಲಿ ಸಂರಕ್ಷಣಾ ಪ್ರತಿಷ್ಠಾನ ಇರಬೇಕು, ಪ್ರವಾಸೋದ್ಯಮದಿಂದ ಬರುವ ಆದಾಯವೂ ಅದರ ಮೂಲಕ ಕಾಡಿಗೂ ಕಾಡಂಚಿನ ಜನರಿಗೂ ಬಳಕೆಯಾಗಬೇಕು. ಅದು ದೊಡ್ಡ ವ್ಯವಸ್ಥೆ. ನಾವು ಅದರ ಸಮಕ್ಕೆ ನಿಲ್ಲುವವರಲ್ಲ, ನಿಲ್ಲಲೂಬಾರದು. ಮಂಜೂರಾತಿಗೆ ಕಾಯುವಷ್ಟು ಹೊತ್ತಿಲ್ಲದ ಸಣ್ಣ ಕೆಲಸಗಳು ಮಾತ್ರ ನಮ್ಮವು: ಶೂ, ನೀರಿನ ಕ್ಯಾನು, ಶಿಬಿರಗಳಿಗೆ ಸೌರ ದೀಪ, ದಿನಗೂಲಿ ಕಾವಲುಗಾರರಿಗೆ ಅಪಘಾತ ವಿಮೆ, ಅವರ ಮಕ್ಕಳ ಹಾಸ್ಟೆಲ್ ಶುಲ್ಕ. ಇಲಾಖೆಯ ಅನುಮತಿಯಿಲ್ಲದೆ ನಾವು ಕಾಡಿನೊಳಗೆ ಒಂದು ಹೆಜ್ಜೆಯನ್ನೂ ಇಟ್ಟಿಲ್ಲ. ಪ್ರತಿ ವರ್ಷ ನಮ್ಮ ಪತ್ರಗಳನ್ನು ತಾಳ್ಮೆಯಿಂದ ಓದಿ, ಯಾವ ಶಿಬಿರಕ್ಕೆ ನಿಜವಾಗಿ ಏನು ಬೇಕೆಂದು ತಿಳಿಸಿದ ವಲಯ ಅರಣ್ಯಾಧಿಕಾರಿಗಳಿಗೂ ಗಸ್ತು ಅರಣ್ಯ ಪಾಲಕರಿಗೂ ನಾವು ಋಣಿಗಳು.

ಮೊದಲ ವರ್ಷದಲ್ಲೇ ಒಂದು ಪೆಟ್ಟು ಬಿತ್ತು. ದರ ಕಡಿಮೆಯೆಂದು ನಾವು ಕೊಂಡ ಶೂಗಳು ಎರಡು ತಿಂಗಳೊಳಗೆ ಬಾಯಿ ಬಿಟ್ಟವು. ಮಾರಿದವರು ಹಣ ಹಿಂದಿರುಗಿಸಲಿಲ್ಲ. ಅದು ನಿಮ್ಮ ಹಣ, ಮತ್ತು ಆ ತಪ್ಪು ಆಯ್ಕೆ ನನ್ನದು. ಸಭೆಯಲ್ಲಿ ಅದನ್ನು ಹೇಳಿದಾಗ ಯಾರೂ ನನ್ನನ್ನು ದೂರಲಿಲ್ಲ. ಮುಂದಿನ ಸಲ ಕಾವಲುಗಾರರಲ್ಲೇ ಇಬ್ಬರನ್ನು ಅಂಗಡಿಗೆ ಕರೆದುಕೊಂಡು ಹೋಗಿ ಎಂದು ಹಿರಿಯ ದಾನಿಯೊಬ್ಬರು ಸಲಹೆ ನೀಡಿದರು. ಅಂದಿನಿಂದ ನಮ್ಮಲ್ಲಿ ಅದೇ ಪದ್ಧತಿ.

ಅದಾದ ಸ್ವಲ್ಪ ದಿನಕ್ಕೇ 2020ರ ಲಾಕ್‌ಡೌನ್ ಬಂತು. ಸಫಾರಿ ನಿಂತಿತು, ಹೆದ್ದಾರಿ ಬಿಕೋ ಎಂದಿತು, ನಮಗೆ ಬರುತ್ತಿದ್ದ ದೇಣಿಗೆಯೂ ಬತ್ತಿತು. ಕಾವಲುಗಾರರು ಮಾತ್ರ ಶಿಬಿರ ಬಿಟ್ಟು ಬರಲಿಲ್ಲ. ವಿಮೆಯ ಕಂತು ಕಟ್ಟುವ ದಿನ ಹತ್ತಿರವಾಗುತ್ತಿದ್ದರೂ ಖಾತೆಯಲ್ಲಿ ಅದರ ಅರ್ಧದಷ್ಟೂ ಹಣವಿರಲಿಲ್ಲ. ಪ್ರತಿಷ್ಠಾನವನ್ನು ಮುಚ್ಚುವ ನಿರ್ಣಯದ ಕರಡನ್ನು ನಾನೇ ಬರೆದಿಟ್ಟಿದ್ದೆ. ಆ ವಾರ ಗುಂಡ್ಲುಪೇಟೆಯ ಆಟೊ ಚಾಲಕರ ಗೆಳೆಯರ ಬಳಗವೊಂದು, ತಮಗೇ ಬಾಡಿಗೆಯಿಲ್ಲದ ಆ ದಿನಗಳಲ್ಲಿ, ಚೀಟಿಯ ಹಣದಲ್ಲಿ ಒಂದು ಪಾಲನ್ನು ತಂದುಕೊಟ್ಟಿತು. ವಿದೇಶದಲ್ಲಿ ನೆಲೆಸಿ ಅಲ್ಲಿಯ ಪೌರರಾಗಿರುವ ಕನ್ನಡಿಗರೊಬ್ಬರು ಕಳುಹಿಸಲು ಮುಂದಾದ ದೊಡ್ಡ ಮೊತ್ತವನ್ನು, ವಿದೇಶಿ ದೇಣಿಗೆ ಪಡೆಯುವ ನೋಂದಣಿ ನಮಗಿಲ್ಲವಾದ್ದರಿಂದ, ನಾವು ನಯವಾಗಿ ಬೇಡವೆನ್ನಬೇಕಾಯಿತು. ಅವರು ಬೇಸರಿಸಿಕೊಳ್ಳಲಿಲ್ಲ. ಮೈಸೂರಿನಲ್ಲಿರುವ ಅವರ ತಾಯಿಯವರು ವಿಷಯ ತಿಳಿದು ತಮ್ಮದೇ ಪಿಂಚಣಿಯಿಂದ ತಿಂಗಳಿಗಿಷ್ಟೆಂದು ಕಳುಹಿಸಲು ತೊಡಗಿ, ಇಂದಿಗೂ ಒಂದು ತಿಂಗಳನ್ನೂ ತಪ್ಪಿಸಿಲ್ಲ. ಅಮ್ಮಾ, ತಾವು ಹೆಸರು ಬರೆಯಬೇಡಿ ಎಂದಿದ್ದೀರಿ, ಬರೆದಿಲ್ಲ. ಆ ವರ್ಷ ವಿಮೆಯ ಕಂತು ಗಡುವಿಗೆ ಮೂರು ದಿನ ಮೊದಲೇ ಕಟ್ಟಿ ಮುಗಿಯಿತು, ನನ್ನ ಕರಡನ್ನು ನಾನು ಹರಿದು ಹಾಕಿದೆ.

ಹಣ ಕೊಟ್ಟವರನ್ನು ನೆನೆಯುವಾಗ, ಹಣಕ್ಕಿಂತ ಹೆಚ್ಚಿನದನ್ನು ಕಳೆದುಕೊಂಡೂ ಕಾಡಿನ ಪರವಾಗಿ ನಿಂತವರನ್ನು ಮರೆತರೆ ಈ ಬರಹಕ್ಕೆ ಅರ್ಥವಿಲ್ಲ. ಕಾಡಂಚಿನ ಹಳ್ಳಿಯಲ್ಲಿ ಆನೆ ತುಳಿದ ಜೋಳದ ಹೊಲವನ್ನೂ ಹುಲಿ ಹಿಡಿದ ಹಸುವನ್ನೂ ಕಂಡವರಿಗೆ, ಇಲ್ಲಿಯ ಜನರ ಸಿಟ್ಟು ಎಲ್ಲಿಂದ ಬರುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಆ ಸಿಟ್ಟು ಒಮ್ಮೊಮ್ಮೆ ಬೆಂಕಿಕಡ್ಡಿಯ ರೂಪ ತಾಳುತ್ತದೆ ಎಂಬುದೂ ನಿಜವೇ. ಪರಿಹಾರದ ಅರ್ಜಿ ಸಲ್ಲಿಸಲು ಜನರಿಗೆ ನೆರವಾಗುವ ‘ವೈಲ್ಡ್ ಸೇವೆ’ ಎಂಬ ಕಾರ್ಯಕ್ರಮವನ್ನು ವನ್ಯಜೀವಿ ಅಧ್ಯಯನ ಕೇಂದ್ರದವರು 2015ರಲ್ಲಿ ಬಂಡೀಪುರ, ನಾಗರಹೊಳೆಗಳ ಸುತ್ತ ಆರಂಭಿಸಿದರು. ಒಂದು ಉಚಿತ ದೂರವಾಣಿ ಕರೆ, ಸ್ಥಳಕ್ಕೆ ಬಂದು ಫೋಟೊ ತೆಗೆದು ಕಾಗದಪತ್ರ ಹೊಂದಿಸಿಕೊಡುವ ಒಬ್ಬ ಕಾರ್ಯಕರ್ತ: ಇಷ್ಟರಿಂದಲೇ ಎಷ್ಟೋ ಮನೆಗಳ ಸಿಟ್ಟು ತಣಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಾಡು ಉಳಿಯಬೇಕಾದರೆ ಬೇಲಿಯ ಈಚೆಗೂ ಹಣ, ಸಮಯ ವ್ಯಯವಾಗಬೇಕು ಎಂಬುದನ್ನು ನಾವು ಅವರಿಂದ ಕಲಿತೆವು.

ನಮ್ಮೂರಿನ ಪಕ್ಕದೂರಿನಲ್ಲಿ ಒಬ್ಬ ತಾಯಿಯಿದ್ದಾರೆ. ಮೂರು ವರ್ಷಗಳ ಹಿಂದೆ ಅವರ ಕರೆಯುವ ಹಸುವನ್ನು ಹುಲಿ ಕೊಂದಿತು. ಮನೆಗೆ ಹೋದಾಗ ನಮ್ಮೊಡನೆ ಮಾತಾಡಲೂ ಅವರು ಒಪ್ಪಲಿಲ್ಲ. ಖಾಲಿ ಗೂಟವನ್ನು ತೋರಿಸಿ ಒಳಗೆ ಹೋದರು. ಈ ಮಾರ್ಚಿಯಲ್ಲಿ ಅವರ ಹೊಲದ ಆಚೆಯ ಗುಡ್ಡದಲ್ಲಿ ಹೊಗೆ ಕಂಡಾಗ ಮೊದಲು ಫೋನ್ ಮಾಡಿಸಿದವರು ಅವರೇ. ರಾತ್ರಿ ಹತ್ತರ ಹೊತ್ತಿಗೆ ಬೆಂಕಿ ಹತೋಟಿಗೆ ಬಂದು ಹುಡುಗರು ಬೆಂಕಿ ರೇಖೆಯ (ಬೆಂಕಿ ಹಬ್ಬದಂತೆ ಹುಲ್ಲು, ತರಗೆಲೆ ತೆಗೆದ ಪಟ್ಟಿಯ) ಬಳಿ ಕುಳಿತಿದ್ದಾಗ, ಮೊಮ್ಮಗನ ಕೈಯಲ್ಲಿ ಟಾರ್ಚ್ ಕೊಟ್ಟು, ತಲೆಯ ಮೇಲೆ ಮುದ್ದೆ ಮತ್ತು ಉಪ್ಸಾರಿನ ಪಾತ್ರೆ ಹೊತ್ತು ಬಂದರು. “ತಿನ್ನಿ ಮಕ್ಳಾ, ಬಿಸಿ ಆರೋಗ್ತದೆ” ಎಂದರೇ ಹೊರತು ಬೇರೇನೂ ಹೇಳಲಿಲ್ಲ. ಆ ತಾಯಿಗೆ ಈ ಪ್ರತಿಷ್ಠಾನದ ಪರವಾಗಿ ನಾನು ಕೈಮುಗಿಯುತ್ತೇನೆ.

ಕಾವಲುಗಾರರಿಗೆ ಏನು ಹೇಳಲಿ? ಡಿಸೆಂಬರ್ ಜನವರಿಯ ಚಳಿಯಲ್ಲಿ ಬೆಂಕಿ ರೇಖೆ ಬಿಡಿಸಿ, ತರಗೆಲೆ ಗುಡಿಸಿ, ರೇಖೆಯ ಮೇಲಿನ ಒಣಹುಲ್ಲನ್ನು ಎಚ್ಚರದಿಂದ ಸುಟ್ಟು ಮುಗಿಸುವ ಕೆಲಸ ಸಫಾರಿಗೆ ಬಂದವರ ಕಣ್ಣಿಗೆ ಬೀಳುವುದೇ ಇಲ್ಲ. ಕೆಲಸ ಸರಿಯಾಗಿ ನಡೆದ ವರ್ಷ ಸುದ್ದಿಯೂ ಆಗುವುದಿಲ್ಲ. 2017ರ ಫೆಬ್ರುವರಿಯಲ್ಲಿ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಯುವ ಅರಣ್ಯ ರಕ್ಷಕರೊಬ್ಬರು ಹಿಂದಿರುಗಲಿಲ್ಲ. ಸೆಪ್ಟೆಂಬರ್ 11ರ ಅರಣ್ಯ ಹುತಾತ್ಮರ ದಿನದಂದು ನಾವು ಅವರನ್ನು ನೆನೆಯುತ್ತೇವೆ, ಆದರೆ ಆ ನೆನಪು ನನ್ನನ್ನು ಕಾಡುವುದು ಫೆಬ್ರುವರಿಯಲ್ಲಿ, ಮಧ್ಯಾಹ್ನದ ಗಾಳಿ ಏಳುವಾಗ. ಅಪಾಯ ಏನೆಂದು ತಿಳಿದೇ ಪ್ರತಿ ವರ್ಷ ಮತ್ತೆ ಬರುವ ಜೇನುಕುರುಬ, ಬೆಟ್ಟಕುರುಬ, ಸೋಲಿಗ ಯುವಕರಿಗೂ, ಅವರನ್ನು ಕಳುಹಿಸಿಕೊಡುವ ಮನೆಯವರಿಗೂ ನಾವು ಕೊಡುವುದು ತೀರಾ ಅಲ್ಪ.

ಚಪ್ಪಲಿ ಕರಗಿದ ಆ ಹುಡುಗ ಈಗ ಒಂದು ಕಳ್ಳಬೇಟೆ ತಡೆ ಶಿಬಿರದಲ್ಲಿದ್ದಾನೆ. ಮುಂದಿನ ಬೇಸಿಗೆಯ ಶೂ ಅಳತೆಯ ಪಟ್ಟಿಯನ್ನು ಮೊನ್ನೆ ಅವನೇ ಬರೆದು ತಂದುಕೊಟ್ಟ. ದುಂಡಗಿನ ಅಕ್ಷರದಲ್ಲಿ ಹೆಸರು, ಹಾಡಿ, ಕಾಲಿನ ಅಳತೆ. ಈ ಸಲ ಪಟ್ಟಿಯಲ್ಲಿ ಮೂವರು ಹೊಸಬರಿದ್ದಾರೆ. ನವೆಂಬರ್ ಮುಗಿಯುವುದರೊಳಗೆ ಅವರೆಲ್ಲರ ಶೂ ಶಿಬಿರಗಳಿಗೆ ತಲುಪಿರುತ್ತವೆ ಎಂದು ನಿಮ್ಮ ಭರವಸೆಯ ಮೇಲೆ ಅವನಿಗೆ ಮಾತು ಕೊಟ್ಟಿದ್ದೇನೆ.