ಫೋನಿನಲ್ಲಿ ಹೇಳಲಾಗದ ವೋಟು

ಬಾಸ್ಟನ್ ಹತ್ತಿರದಿಂದ
8 ಮಾರ್ಚ್ 2020, ಭಾನುವಾರ

ತೀರ್ಥರೂಪು ಅಪ್ಪನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ಮೊನ್ನೆ ಫೋನಿನಲ್ಲಿ ನೀವು ಮೂರು ಸಲ ಕೇಳಿದಿರಿ, "ಯಾರಿಗೆ ಹಾಕಿದೆ?" ಅಂತ. ನಾನು ಮೂರು ಸಲವೂ ಅಡಿಕೆ ರೇಟು ಕೇಳಿದೆ. ನಿಮ್ಮ ಕಿವಿಗೆ ಬೀಳುವಷ್ಟು ಜೋರಾಗಿ ಹೇಳಿದರೆ ಪಕ್ಕದ ಕೋಣೆಯಲ್ಲಿರುವ ಇವರಿಗೂ ಮಹಡಿ ಮೇಲಿರುವ ಮಗನಿಗೂ ಕೇಳಿಸುತ್ತದೆ. ಅದಕ್ಕೇ ಈ ಕಾಗದ.

ಹೋದ ವರ್ಷ ಸಿಟಿಜನ್ ಆದ ಮೇಲೆ ಇದು ನನ್ನ ಮೊದಲ ವೋಟು. ಆದರೆ ನಿಜವಾದ ಚುನಾವಣೆ ನವೆಂಬರ್‌ನಲ್ಲಿ. ನಮ್ಮಲ್ಲಿ ಟಿಕೆಟ್ ಯಾರಿಗೆ ಅನ್ನುವುದನ್ನು ದೆಹಲಿಯಲ್ಲಿ ಕೂತವರು ತೀರ್ಮಾನ ಮಾಡುತ್ತಾರಲ್ಲ, ಇಲ್ಲಿ ಅದಕ್ಕೂ ಜನರೇ ವೋಟು ಹಾಕಬೇಕು. ಟ್ರಂಪ್ ಎದುರು ಡೆಮಾಕ್ರಟಿಕ್ ಪಕ್ಷದಿಂದ ಯಾರು ನಿಲ್ಲಬೇಕು ಅಂತ ಮಂಗಳವಾರ ಒಂದೇ ದಿನ 14 ರಾಜ್ಯಗಳಲ್ಲಿ ಮತದಾನ ನಡೆಯಿತು.

ನಮ್ಮ ಮನೆಯಲ್ಲಿ ಇರುವುದು ಮೂರು ಜನ. ಒಂದು ತಿಂಗಳಿಂದ ರಾತ್ರಿ ಊಟ ನೆಮ್ಮದಿಯಾಗಿ ಮುಗಿದದ್ದೇ ಇಲ್ಲ.

ನಿಮ್ಮ ಮೊಮ್ಮಗ ಬರ್ನಿ ಸ್ಯಾಂಡರ್ಸ್ ಕಡೆ. ಅವನಿಗೂ ಇದು ಮೊದಲ ವೋಟು. ಸ್ಯಾಂಡರ್ಸ್‌ಗೆ 78 ವರ್ಷ. ನಮ್ಮ ಪಕ್ಕದ ವರ್ಮಾಂಟ್ ರಾಜ್ಯದವರು. 1981ರಲ್ಲಿ ಬರ್ಲಿಂಗ್ಟನ್ ಊರಿನ ಮೇಯರ್ ಆದದ್ದು ಬರೀ 10 ವೋಟಿನಿಂದ. ತಾನು ಸೋಷಿಯಲಿಸ್ಟ್ ಅಂತ ಮುಚ್ಚುಮರೆ ಇಲ್ಲದೆ ಹೇಳಿಕೊಳ್ಳುತ್ತಾರೆ. ಎಲ್ಲರಿಗೂ ಸರ್ಕಾರದ್ದೇ ಆರೋಗ್ಯ ವಿಮೆ, ಸರ್ಕಾರಿ ಕಾಲೇಜಿಗೆ ಫೀಸು ಬೇಡ, ಇದು ಅವರ ಮಾತು. ಕಂಪನಿಗಳ ದುಡ್ಡು ಮುಟ್ಟುವುದಿಲ್ಲ. 2016ರಲ್ಲಿ ಹೋದಲ್ಲೆಲ್ಲ "ನಮಗೆ ಬರುವ ದೇಣಿಗೆ ಸರಾಸರಿ 27 ಡಾಲರ್" ಅನ್ನುತ್ತಿದ್ದರು. ನಮ್ಮ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು "ಒಂದು ವೋಟು, ಒಂದು ನೋಟು" ಅಂತ ಊರೂರು ತಿರುಗಿದ್ದನ್ನು ನಾನು ಸುಮ್ನೆ ಒಮ್ಮೆ ಹೇಳಿದೆ. ಅವತ್ತಿನಿಂದ ಅವನಿಗೆ ಗೌಡರೂ ಬರ್ನಿಯೂ ಅಣ್ಣತಮ್ಮಂದಿರು. ವೋಟಿನ ಹಿಂದಿನ ಶನಿವಾರ ಬಾಸ್ಟನ್ ಕಾಮನ್ ಮೈದಾನದ ಸಭೆಗೆ ಆ ಚಳಿಯಲ್ಲಿ ಹೋಗಿ, ಗಂಟಲು ಕಟ್ಟಿಸಿಕೊಂಡು ಬಂದ.

ಇವರು ಜೋ ಬೈಡನ್ ಕಡೆ. ಯಾಕೆ ಅಂತ ಕೇಳಿದರೆ "ಗೆಲ್ಲುತ್ತಾರೆ" ಅನ್ನುವುದೊಂದೇ ಉತ್ತರ. ಸೋಷಿಯಲಿಸಂ ಅಂದ ಕೂಡಲೇ ಇವರಿಗೆ ಬೆಂಗಳೂರಿನ ರೇಷನ್ ಕ್ಯೂ, ಸೀಮೆಎಣ್ಣೆ ಡಬ್ಬ, ಫೋನ್ ಕನೆಕ್ಷನ್‌ಗೆ ಮಾವನವರು ವರ್ಷಗಟ್ಟಲೆ ಕಾದದ್ದು ನೆನಪಾಗುತ್ತದೆ. ಮಗನಿಗೆ ನೆನಪಾಗುವುದೇ ಬೇರೆ. ಎರಡು ವರ್ಷದ ಹಿಂದೆ ಅವನು ಐಸ್ ಮೇಲೆ ಜಾರಿ ಕೈ ಮುರಿದುಕೊಂಡಿದ್ದ, ನೆನಪಿದೆಯಾ? ನಿಮಗೆ ಆಗ ಪೂರ್ತಿ ಹೇಳಿರಲಿಲ್ಲ. ನೋವಿಗೆ ಅಳುತ್ತಿದ್ದರೂ "ಆಂಬುಲೆನ್ಸ್ ಬೇಡಮ್ಮ, ಬಿಲ್ ಜಾಸ್ತಿ ಬರತ್ತೆ, ಕಾರಲ್ಲೇ ಹೋಗೋಣ" ಅಂದ. 16 ವರ್ಷದ ಹುಡುಗ. ಇನ್ಶೂರೆನ್ಸ್ ಇದ್ದೂ ಬಂದ ಬಿಲ್ಲಿನ ಮೊತ್ತ ಈಗಲೂ ಹೇಳಲ್ಲ. ನಿಮ್ಮ ಯಶಸ್ವಿನಿ ಕಾರ್ಡಿಗೆ ಶುರುವಿನಲ್ಲಿ ತಿಂಗಳಿಗೆ 5 ರೂಪಾಯಿ ಕಟ್ಟುತ್ತಿದ್ದಿರಿ ಅಂದರೆ ಇವನು ನಂಬುವುದೇ ಇಲ್ಲ.

ಇವರು ವಾದಕ್ಕೆ ಮೊದಲು ಎತ್ತುವುದು 1972. ಆ ವರ್ಷ ಬರ್ನಿಯ ಹಾಗೇ ಎಡಕ್ಕೆ ವಾಲಿದ ಡೆಮಾಕ್ರಟ್, ಮೆಕ್‌ಗವರ್ನ್ ಅನ್ನುವವರು ನಿಕ್ಸನ್ ಎದುರು ನಿಂತು 49 ರಾಜ್ಯಗಳಲ್ಲಿ ಸೋತರು. ಗೆದ್ದದ್ದು ರಾಜಧಾನಿ ವಾಷಿಂಗ್ಟನ್ ಬಿಟ್ಟರೆ ನಮ್ಮ ಮ್ಯಾಸಚೂಸೆಟ್ಸ್ ಒಂದರಲ್ಲೇ. ಆಮೇಲೆ ನಿಕ್ಸನ್ ಹಗರಣ ಹೊರಗೆ ಬಿದ್ದಾಗ ಇಲ್ಲಿಯವರು "ನನ್ನ ಮೇಲೆ ತಪ್ಪು ಹೊರಿಸಬೇಡಿ, ನಾನು ಮ್ಯಾಸಚೂಸೆಟ್ಸ್‌ನವನು" ಅಂತ ಕಾರಿಗೆ ಸ್ಟಿಕ್ಕರ್ ಅಂಟಿಸಿಕೊಂಡು ಓಡಾಡಿದರು. "ಸ್ಟಿಕ್ಕರ್ ಸಿಕ್ಕಿತು, ಸರ್ಕಾರ ಸಿಗಲಿಲ್ಲ" ಅನ್ನುತ್ತಾರೆ ಇವರು. ಮಗ ಬಿಡುತ್ತಾನಾ? "2004ರಲ್ಲಿ ಗೆಲ್ಲುತ್ತಾರೆ ಅಂತಲೇ ಜಾನ್ ಕೆರಿಯನ್ನು ಆರಿಸಿದರಲ್ಲ, ಗೆದ್ದರಾ? 2016ರಲ್ಲಿ ಹಿಲರಿ?" ಅಂತ ಕೇಳಿದ. ಇವರು ಸುಮ್ಮನೆ ಮಜ್ಜಿಗೆ ಬಡಿಸಿಕೊಂಡರು.

ನನಗೆ ಒಂದು ವಿಷಯಕ್ಕೆ ನಗು ಬರುತ್ತದೆ. ನಮ್ಮ ದೇಶದಲ್ಲಿ ಪಕ್ಷ ನೋಂದಣಿ ಮಾಡಿಸಬೇಕಾದರೆ ಸಮಾಜವಾದಕ್ಕೆ ನಿಷ್ಠೆ ಅಂತ ಬರೆದುಕೊಡಲೇಬೇಕು, ಕಾನೂನೇ ಹಾಗಿದೆ. ಕಾರ್ಖಾನೆ ಮಾಲೀಕರ ಪಕ್ಷವಾದರೂ ಬರೆದುಕೊಡಬೇಕು. ಇಲ್ಲಿ ಅದೇ ಪದ ಬಾಯಿಗೆ ಬಂದರೆ ವೋಟು ಹೋಯಿತು ಅಂತ ಹೆದರುತ್ತಾರೆ.

ಹೋದ ವಾರ ಜಗಳ ನಮ್ಮ ಗದ್ದೆಗೇ ಬಂತು. "ಕಾಗೋಡಿನಲ್ಲಿ ಒಡೆಯರು ದೊಡ್ಡ ಕೊಳಗದಲ್ಲಿ ಗೇಣಿ ಅಳೆದುಕೊಳ್ಳುತ್ತಾರೆ ಅಂತ ಹೋರಾಡಿ 1951ರಲ್ಲಿ ಜೈಲಿಗೆ ಹೋದವರು ನಿನ್ನ ಅಮ್ಮನ ಅಜ್ಜ, ಗೋಪಾಲಗೌಡರ ಕಡೆಯವರು. ಸರಿ. ಆದರೆ 1974ರಲ್ಲಿ ಉಳುವವನಿಗೇ ಭೂಮಿ ಅನ್ನುವ ಕಾನೂನು ತಂದವರು ಯಾರು? ದೇವರಾಜ ಅರಸು. ಕಾಂಗ್ರೆಸ್ಸು. ಅಧಿಕಾರ ಇದ್ದವರು ಮಾಡಿದ್ದಕ್ಕೆ ನಿಮ್ಮ ಅಜ್ಜನಿಗೆ ಭೂಮಿ ಸಿಕ್ಕಿತು" ಅಂತ ಇವರು. "ಕಾಗೋಡು ಆಗದೇ ಇದ್ದಿದ್ದರೆ ಅರಸು ಆ ಕಾನೂನು ತರುತ್ತಿದ್ದರಾ?" ಅಂತ ಮಗ. ಇಬ್ಬರೂ ನನ್ನ ಮುಖ ನೋಡಿದರು. ಪಾತ್ರೆ ತೊಳೆಯಲು ಎದ್ದೆ. ನನಗೇನು ಗೊತ್ತು ಅಪ್ಪ? ಗೇಣಿ ಭೂಮಿಗಾಗಿ ಫಾರಂ 7 ಅರ್ಜಿ ಹಿಡಿದುಕೊಂಡು ಭೂ ನ್ಯಾಯಮಂಡಳಿಗೆ ಅಲೆದವರು ನೀವು. ಉತ್ತರ ನೀವೇ ಹೇಳಬೇಕು.

ಈಗ ನನ್ನ ವಿಷಯ. ನನಗೆ ಮೊದಲಿಂದಲೂ ಇಷ್ಟವಾದವರು ಎಲಿಜಬೆತ್ ವಾರೆನ್. ನಮ್ಮ ರಾಜ್ಯದ ಸೆನೆಟರ್, ಮೊದಲು ಮೇಷ್ಟರು. "ನಾನು ಮೂಳೆಮೂಳೆಯಲ್ಲೂ ಕ್ಯಾಪಿಟಲಿಸ್ಟ್" ಅಂದವರು ಅವರು. ಹಾಗಂದವರೇ 5 ಕೋಟಿ ಡಾಲರ್‌ಗಿಂತ ಜಾಸ್ತಿ ಆಸ್ತಿ ಇದ್ದವರು ಮೇಲಿನ ಪ್ರತಿ ಡಾಲರಿಗೆ ವರ್ಷಕ್ಕೆ 2 ಸೆಂಟ್ ತೆರಿಗೆ ಕೊಡಲಿ ಅನ್ನುತ್ತಾರೆ. ಸಂತೆ ನಡೆಯಲಿ, ಆದರೆ ತಕ್ಕಡಿ ಸರಿಯಾಗಿರಲಿ ಅನ್ನುವ ಪೈಕಿ. ಗೇಣಿ ಕೊಳಗದ ಕಥೆ ಕೇಳಿ ಬೆಳೆದ ನನಗೆ ಆ ಮಾತು ಹಿಡಿಸಿತು.

ನನ್ನ ಆಫೀಸಿನಲ್ಲಿ ಆರು ಜನ ಹೆಂಗಸರು ಒಟ್ಟಿಗೆ ಊಟಕ್ಕೆ ಕೂರುತ್ತೇವೆ. ಆರೂ ಜನಕ್ಕೆ ವಾರೆನ್ ಇಷ್ಟ. ಐದು ಜನ ಬೇರೆಯವರಿಗೆ ಹಾಕಿದರು. "ನನಗೇನೋ ಸರಿ, ಆದರೆ ಯಾವ ಕಡೆಗೂ ವಾಲಬಹುದಾದ ಮಿಶಿಗನ್‌ನಂಥ ರಾಜ್ಯದಲ್ಲಿ ಹೆಂಗಸಿಗೆ ಯಾರು ಹಾಕ್ತಾರೆ?" ಅಂತ. ರಾಜ ಕೊಳಕ್ಕೆ ಒಂದೊಂದು ಚೆಂಬು ಹಾಲು ಹಾಕಿ ಅಂದಾಗ ಎಲ್ಲರೂ ನೀರು ಹಾಕಿದರಂತಲ್ಲ, ಅಮ್ಮ ಹೇಳುತ್ತಿದ್ದ ಕಥೆ. ಆ ಜನ ಉಳಿದವರು ಹಾಲು ಹಾಕುತ್ತಾರೆ ಅಂದುಕೊಂಡರು. ನಮ್ಮವರು ಉಳಿದವರು ನೀರೇ ಹಾಕುತ್ತಾರೆ ಅಂದುಕೊಂಡು, ಕೈಯಲ್ಲಿದ್ದ ಹಾಲನ್ನು ವಾಪಸು ತೆಗೆದುಕೊಂಡು ಹೋದರು. ಕಾಣದ ಊರಿನ, ಕಾಣದ ಮನುಷ್ಯನ ಮನಸ್ಸನ್ನು ಊಹೆ ಮಾಡಿ ನನ್ನ ವೋಟು ಹಾಕುವುದು ಹೇಗೆ?

ಶಾಲೆಯಲ್ಲಿ ಬೂತು. ಮೊದಲು ಬೀದಿಯ ಹೆಸರು, ಆಮೇಲೆ ನನ್ನ ಹೆಸರು ಹೇಳಿದೆ. ಶಾಯಿ ಹಚ್ಚುವುದಿಲ್ಲ, ಒಂದು ಸ್ಟಿಕ್ಕರ್ ಕೊಡುತ್ತಾರೆ. ಚೀಟಿಯಲ್ಲಿ ಹಿಂದಿನ ದಿನಗಳಲ್ಲಿ ಕಣ ಬಿಟ್ಟವರ ಹೆಸರೂ ಹಾಗೇ ಇತ್ತು. ಸೌತ್ ಕೆರೊಲಿನಾದಲ್ಲಿ ಬೈಡನ್ ಗೆದ್ದದ್ದೇ ತಡ, ಬೂಟಜಜ್, ಕ್ಲೋಬುಶಾರ್ ಇಬ್ಬರೂ ಎರಡೇ ದಿನದಲ್ಲಿ ಹಿಂದೆ ಸರಿದು ಅವರ ಪಕ್ಕ ನಿಂತಿದ್ದರು. ಗೆಲ್ಲುವ ಕುದುರೆ ಯಾವುದು ಅಂತ ಎಲ್ಲರಿಗೂ ಗೊತ್ತಾಗಿಹೋಗಿತ್ತು. ಮನೆಯ ಇಬ್ಬರ ಮಾತೂ ಕಿವಿಯಲ್ಲಿತ್ತು. "ವಾರೆನ್‌ಗೆ ಹಾಕಿದರೆ ವೋಟು ವೇಸ್ಟು" ಅಂತ ಇವರು. "ಬರ್ನಿ ವೋಟು ಒಡೆಯುತ್ತೀಯಾ" ಅಂತ ಮಗ. ಆ ಒಂದು ವಿಷಯದಲ್ಲಿ ಅಪ್ಪ ಮಗ ಒಂದೇ!

ವಾರೆನ್ ಹೆಸರಿನ ಮುಂದಿನ ಸೊನ್ನೆಯನ್ನು ತುಂಬಿ ಬಂದೆ.

ಆ ರಾತ್ರಿ ನೋಡಿದರೆ, ಪ್ರಚಾರಕ್ಕೆ ಹೆಚ್ಚುಕಡಿಮೆ ಬಾರದೇ ಇದ್ದ ಬೈಡನ್ ನಮ್ಮ ರಾಜ್ಯ ಗೆದ್ದರು, ಸುಮಾರು 33 ಪರ್ಸೆಂಟು. ಸ್ಯಾಂಡರ್ಸ್ 27ರ ಹತ್ತಿರ. ವಾರೆನ್ ಸ್ವಂತ ರಾಜ್ಯದಲ್ಲೇ 21ಕ್ಕೆ, ಮೂರನೆಯವರು. ಗುರುವಾರ ಕೇಂಬ್ರಿಡ್ಜ್‌ನ ಮನೆ ಮುಂದೆ ನಿಂತು ಕಣ ಬಿಟ್ಟೆ ಅಂದರು. ಟೀವಿ ನೋಡುತ್ತಾ ಕಣ್ಣೊರೆಸಿಕೊಂಡೆ, ಈರುಳ್ಳಿ ಹೆಚ್ಚುತ್ತಿದ್ದದ್ದು ಒಳ್ಳೆಯದಾಯಿತು. ಬ್ಲೂಮ್‌ಬರ್ಗ್ ಅನ್ನುವ ಕೋಟ್ಯಧಿಪತಿ 50 ಕೋಟಿ ಡಾಲರಿಗೂ ಜಾಸ್ತಿ ಸುರಿದು ಅಮೆರಿಕನ್ ಸಮೋವಾ ಅನ್ನುವ ಪುಟ್ಟ ದ್ವೀಪಗಳ ಗುಂಪೊಂದನ್ನೇ ಗೆದ್ದರು. ದುಡ್ಡಿನ ವಿಷಯದಲ್ಲಿ ಅಷ್ಟಾದರೂ ಸಮಾಧಾನ.

ನವೆಂಬರ್‌ನಲ್ಲಿ ಬೈಡನ್ ನಿಂತರೆ ಅವರಿಗೇ ಹಾಕುತ್ತೇನೆ, ಮಗನೂ ಗೊಣಗಿಕೊಂಡು ಹಾಕುತ್ತಾನೆ. ಆ ಜಗಳ ಆವತ್ತಿಗಿರಲಿ.

ಅಪ್ಪ, ಒಂದು ಕೇಳಲಾ? ಭೂಮಿ ಕೈಗೆ ಬಂದ ಮೇಲೆ, 1978ರ ಚುನಾವಣೆಯಲ್ಲಿ ನೀವು ಯಾರಿಗೆ ಹಾಕಿದಿರಿ? ಅಜ್ಜ ಕೇಳಿದಾಗಲೆಲ್ಲ ನೀವು ಮಳೆಯ ವಿಷಯ ತೆಗೆಯುತ್ತಿದ್ದಿರಂತೆ, ಅತ್ತೆ ಹೇಳುತ್ತಿದ್ದಳು.

ಇಲ್ಲಿ ಹೊಸ ಕಾಯಿಲೆಯ ಭಯಕ್ಕೆ ಅಂಗಡಿಗಳಲ್ಲಿ ಸ್ಯಾನಿಟೈಸರ್ ಖಾಲಿ. ಅಲ್ಲಿ ಮಂಗನ ಕಾಯಿಲೆಯ ಕಾಲ. ಕಾಡಿಗೆ ಸೊಪ್ಪಿಗೆ ಹೋಗುವಾಗ ಉಣ್ಣೆ ಕಚ್ಚದ ಹಾಗೆ ಡಿಎಂಪಿ ಎಣ್ಣೆ ಹಚ್ಚಿಕೊಳ್ಳಿ, ವಾಸನೆ ಅಂತ ಬಿಡಬೇಡಿ.

ಈ ಕಾಗದ ಅಮ್ಮನಿಗೆ ಓದಿ ಹೇಳುವಾಗ ಆ ಸೊನ್ನೆ ತುಂಬಿದ ಸಾಲು ಬಿಟ್ಟುಬಿಡಿ. ಅವಳು ಅಳಿಯನ ಹತ್ತಿರ ಏನನ್ನೂ ಮುಚ್ಚಿಡುವುದಿಲ್ಲ.

ಇಂತಿ,
ನಿಮ್ಮ ಮಗಳು