ಐದು ಫೆಬ್ರವರಿಗಳ ಋಣ

ಈ ಫೆಬ್ರವರಿಯ ನಾಲ್ಕನೆಯ ಬೆಳಗಿನ ಪಟ್ಟಿಯನ್ನು ಕಳುಹಿಸುವುದರೊಂದಿಗೆ, ಧಾರವಾಡದ ನಮ್ಮ ಬಡಾವಣೆಯ ಅಂಚಿನ ಸಣ್ಣ ಕೆರೆಯ ಹಕ್ಕಿ ಎಣಿಕೆಗೆ ಐದು ವರ್ಷ ತುಂಬಿತು. 2021ರಲ್ಲಿ ಮುಖಗವಸು ಕಟ್ಟಿಕೊಂಡು, ಒಬ್ಬರಿಂದೊಬ್ಬರು ದೂರ ನಿಂತು ಆರಂಭಿಸಿದ ಈ ಕೆಲಸ 2025ರವರೆಗೆ ವರ್ಷಕ್ಕೆ ನಾಲ್ಕು ದಿನದಂತೆ ಒಟ್ಟು 20 ಬೆಳಗುಗಳನ್ನು ಕಂಡಿದೆ. ಅವುಗಳಲ್ಲಿ ಒಂದೂ ತಪ್ಪಿಲ್ಲ. ಇದು ನನ್ನ ಹೆಗ್ಗಳಿಕೆಯಲ್ಲ. ಮೊಣಕಾಲು ನೋವಿನ ನೆಪದಲ್ಲಿ ಮೂರು ಬೆಳಗು ಮನೆಯಲ್ಲೇ ಉಳಿದವನು ನಾನೇ. ಆದ್ದರಿಂದ, ಯಾರಿಂದ ಈ ಲೆಕ್ಕ ತಪ್ಪದೆ ನಡೆಯಿತೋ, ಅದಕ್ಕಿಂತ ಮುಖ್ಯವಾಗಿ ಯಾರಿಂದ ಈ ಲೆಕ್ಕ ಸುಳ್ಳಾಗದೆ ಉಳಿಯಿತೋ, ಅವರೆಲ್ಲರಿಗೆ ಕೃತಜ್ಞತೆ ಸಲ್ಲಿಸಲು ಇದನ್ನು ಬರೆಯುತ್ತಿದ್ದೇನೆ.

ಹೊಸಬರಿಗಾಗಿ ಒಂದೆರಡು ಮಾತು. ಮನೆಯಂಗಳದ ಹಕ್ಕಿಗಳನ್ನು ಎಣಿಸುವ ಈ ನಾಲ್ಕು ದಿನಗಳ ಕಾರ್ಯಕ್ರಮ 1998ರಲ್ಲಿ ಅಮೆರಿಕದಲ್ಲಿ ಆರಂಭವಾಗಿ, 2013ರಿಂದ ಜಗತ್ತಿನ ಎಲ್ಲ ದೇಶಗಳಿಗೂ ತೆರೆದುಕೊಂಡಿತು. ಕನಿಷ್ಠ 15 ನಿಮಿಷ ಒಂದೆಡೆ ನಿಂತೋ ನಡೆದೋ, ಕಂಡ ಮತ್ತು ಕೇಳಿದ ಹಕ್ಕಿಗಳಲ್ಲಿ ಗುರುತು ಹತ್ತಿದ ಎಲ್ಲವನ್ನೂ ಎಷ್ಟಿದ್ದವೆಂಬ ಲೆಕ್ಕದೊಂದಿಗೆ ಬರೆದು, ಎಷ್ಟು ಹೊತ್ತು, ಎಷ್ಟು ದೂರ, ವೀಕ್ಷಕರು ಎಷ್ಟು ಮಂದಿ ಎಂಬುದನ್ನೂ ಸೇರಿಸಿ ಇ-ಬರ್ಡ್ ತಾಣಕ್ಕೆ ಕಳುಹಿಸಬೇಕು. ಇಷ್ಟೇ ಕೆಲಸ. ಮಲೆನಾಡು ಮುಗಿದು ಬಯಲುಸೀಮೆ ಮೊದಲಾಗುವ ನಮ್ಮ ಊರಿನಲ್ಲಿ ಎರಡೂ ಕಡೆಯ ಹಕ್ಕಿಗಳು ಸಿಗುತ್ತವೆಯಾದ್ದರಿಂದ ಇದು ಸೊಗಸಿನ ಕೆಲಸವೂ ಹೌದು.

ಮೊದಲ ವಂದನೆ ಗೊರವಂಕಗಳನ್ನು ಬರೆದವರಿಗೆ. ಮೊದಲ ವರ್ಷ ನಮ್ಮಲ್ಲಿ ಹೆಚ್ಚಿನವರು, ನನ್ನನ್ನೂ ಸೇರಿಸಿ, ಅಪರೂಪದ್ದೇನಾದರೂ ಸಿಕ್ಕೀತೆಂದು ಕತ್ತು ಚಾಚುತ್ತಿದ್ದಾಗ, ಕೆರೆ ಏರಿಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತಿದ್ದ ನಿವೃತ್ತ ಅಂಚೆ ನೌಕರರೊಬ್ಬರು ಕಾಗೆ, ಗೊರವಂಕ, ಪಾರಿವಾಳ, ಬೆಳ್ಳಕ್ಕಿಗಳನ್ನು ಮನಿಯಾರ್ಡರ್ ಎಣಿಸಿದಷ್ಟೇ ಶ್ರದ್ಧೆಯಿಂದ ಎಣಿಸಿ ಬರೆದರು. ನಾವು ಒಳಗೊಳಗೇ ನಕ್ಕೆವು. ಎಲ್ಲವನ್ನೂ ಬರೆದ ಪಟ್ಟಿಯಲ್ಲಿ ಮಾತ್ರ, ಬರೆಯದೆ ಉಳಿದದ್ದಕ್ಕೂ ಅರ್ಥ ಬರುತ್ತದೆ ಎಂಬುದು ನನಗೆ ತಿಳಿದದ್ದು ಆಮೇಲೆ. ನೂರು ಪಟ್ಟಿಗಳಲ್ಲಿ ಒಂದು ಹಕ್ಕಿ ಎಷ್ಟರಲ್ಲಿ ಕಾಣಿಸಿಕೊಳ್ಳುತ್ತದೆ, ವರ್ಷಗಳು ಉರುಳಿದಂತೆ ಆ ಪಾಲು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ನೋಡಿಯೇ ವಿಜ್ಞಾನಿಗಳು ಹಕ್ಕಿಗಳ ಸ್ಥಿತಿಯನ್ನು ಅಳೆಯುತ್ತಾರೆ. 2023ರಲ್ಲಿ ಪ್ರಕಟವಾದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯು 942 ಪ್ರಭೇದಗಳ ಬಗ್ಗೆ ಮಾತನಾಡಲು ಸಾಧ್ಯವಾದದ್ದು, 30 ಸಾವಿರಕ್ಕೂ ಹೆಚ್ಚು ವೀಕ್ಷಕರು ಕಳುಹಿಸಿದ 3 ಕೋಟಿಗೂ ಮೀರಿದ ದಾಖಲೆಗಳಿಂದ. ದೀರ್ಘಕಾಲದ ಏರಿಳಿತ ತಿಳಿಯುವಷ್ಟು ಮಾಹಿತಿಯಿದ್ದ 338 ಪ್ರಭೇದಗಳಲ್ಲಿ ಶೇ 60ರಷ್ಟು ಇಳಿಮುಖವಾಗಿವೆ ಎಂದು ಅದು ಹೇಳಿತು. ಇಳಿದವುಗಳ ಸಾಲಿನಲ್ಲಿ ನಮ್ಮ ರಾಜ್ಯಪಕ್ಷಿ ನೀಲಕಂಠವೂ ಇದೆ. ತಂತಿಯ ಮೇಲೆ ಕುಳಿತ ನೀಲಕಂಠವನ್ನು ‘ಅದು ಇದ್ದೇ ಇರುತ್ತದೆ’ ಎಂದು ಬರೆಯದೆ ಬಿಟ್ಟ ನಮ್ಮಂಥವರ ನಡುವೆ, ಎಲ್ಲವನ್ನೂ ಬರೆದ ಅಂಚೆಯ ಹಿರಿಯರಿಗೆ ಐದು ವರ್ಷ ತಡವಾಗಿಯಾದರೂ ನಮಸ್ಕಾರ.

ಎರಡನೆಯ ವಂದನೆ ನನ್ನನ್ನು ತಿದ್ದಿದವರಿಗೆ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಆಗ ನಾನು ನಡೆದುಕೊಂಡ ರೀತಿ ಚೆನ್ನಾಗಿರಲಿಲ್ಲ. ಎರಡನೆಯ ವರ್ಷದ ಎರಡನೆಯ ದಿನ ಕೆರೆಯ ಕೆಸರಂಚಿನಲ್ಲಿ ನಾನು 12 ಹಸಿರು ಗದ್ದೆಗೊರವಗಳನ್ನು ಕಂಡೆನೆಂದು ಬರೆದೆ. ಸಂಜೆಯ ಹೊತ್ತಿಗೆ ದಾಖಲೆಗಳನ್ನು ಪರಿಶೀಲಿಸುವ ಸ್ವಯಂಸೇವಕರೊಬ್ಬರಿಂದ ಪತ್ರ ಬಂತು: ಈ ಹಕ್ಕಿ ಸಾಮಾನ್ಯವಾಗಿ ಒಂಟಿಯಾಗಿಯೋ ಒಂದೆರಡಾಗಿಯೋ ಕಾಣಸಿಗುತ್ತದೆ, ಒಂದೇ ಕಡೆ 12 ಎಂದರೆ ಹೆಚ್ಚಾಯಿತು, ಗುರುತಿಸಿದ್ದು ಹೇಗೆಂದು ದಯವಿಟ್ಟು ತಿಳಿಸುವಿರಾ ಎಂದು ಅದರಲ್ಲಿ ಬಹಳ ವಿನಯದಿಂದ ಕೇಳಲಾಗಿತ್ತು. ಮೂರು ದಶಕ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ನನಗೆ ಆ ವಿನಯವೇ ಚುಚ್ಚಿತು. ಉತ್ತರಿಸದೆ ಮಲಗಿದೆ.

ಮರುದಿನ ಬೆಳಿಗ್ಗೆ, ಆಗ ಒಂಬತ್ತನೆಯ ತರಗತಿಯಲ್ಲಿದ್ದ ಹುಡುಗಿಯೊಬ್ಬಳು ತನ್ನ ನೋಟುಪುಸ್ತಕ ತಂದು ತೋರಿಸಿದಳು. ಅದರಲ್ಲಿ ಹೆಸರಿನ ಜಾಗದಲ್ಲಿ ‘ಗೊತ್ತಾಗಲಿಲ್ಲ’ ಎಂದಿತ್ತು. ಕೆಳಗೆ, ‘ನಿಂತಲ್ಲೇ ಹಿಂಭಾಗ ಕುಣಿಸುತ್ತದೆ, ಎದೆಯ ಬಿಳುಪು ರೆಕ್ಕೆಯ ಮುಂದೆ ಭುಜದ ಕಡೆಗೆ ಚಾಚಿದೆ, ಹಾರಿದಾಗ ರೆಕ್ಕೆಯ ಮೇಲೆ ಬಿಳಿ ಗೆರೆ’ ಎಂದು ಬರೆದು ಪಕ್ಕದಲ್ಲಿ ಪೆನ್ಸಿಲಿನ ಚಿತ್ರವಿತ್ತು. “ಸರ, ಭುಜದ ಮ್ಯಾಲ ಬಿಳೀದು ಐತಿ ನೋಡ್ರಿ” ಎಂದು ದುರ್ಬೀನು ಕೈಗಿತ್ತಳು. ನೋಡಿದೆ. ಹಸಿರು ಗದ್ದೆಗೊರವಕ್ಕೆ ಅಂಥ ಬಿಳುಪು ಇರುವುದಿಲ್ಲ. ಇದು ಸಾಮಾನ್ಯ ಗದ್ದೆಗೊರವ. ಅಂದು ಇಬ್ಬರೂ ಕುಳಿತು ಒಂದೊಂದಾಗಿ ನೋಡಿದಾಗ ಮೂರು ಸಾಮಾನ್ಯ ಗದ್ದೆಗೊರವಗಳೂ, ಬೆನ್ನ ತುಂಬ ಚುಕ್ಕೆಯಿರುವ, ಕಣ್ಣಿನ ಮೇಲೆ ಸ್ಪಷ್ಟವಾದ ಬಿಳಿ ಹುಬ್ಬಿರುವ ಒಂಬತ್ತು ಅಡವಿ ಗದ್ದೆಗೊರವಗಳೂ ಸಿಕ್ಕವು. ಹಸಿರು ಒಂದೂ ಇರಲಿಲ್ಲ. ಪತ್ರಕ್ಕೆ ಉತ್ತರ ಬರೆದು ಹಿಂದಿನ ದಿನದ ದಾಖಲೆಯನ್ನು ಹಿಂತೆಗೆದುಕೊಂಡೆ. ಸಾಮಾನ್ಯ ಗದ್ದೆಗೊರವವೂ ದೇಶದಲ್ಲಿ ಗಣನೀಯವಾಗಿ ಕುಸಿದಿರುವ ಹಕ್ಕಿಗಳಲ್ಲಿ ಒಂದು ಎಂದು ಮರುವರ್ಷ ಅದೇ ವರದಿಯಲ್ಲಿ ಓದಿದಾಗ, ಹೆಸರು ಗೊತ್ತಿಲ್ಲವೆಂದು ಬರೆಯುವ ಧೈರ್ಯ ಆ ಹುಡುಗಿಗಿತ್ತು, ನನಗಿರಲಿಲ್ಲ ಎಂಬುದು ಇನ್ನಷ್ಟು ಕಾಡಿತು. ತನ್ನ ಹೆಸರು ಹಾಕಬಾರದೆಂದು ಅವಳೇ ಹೇಳಿರುವುದರಿಂದ ಇಲ್ಲಿ ಬರೆದಿಲ್ಲ. ಸಂಬಳವಿಲ್ಲದೆ, ಎಂದೂ ಮುಖ ನೋಡದ ನನ್ನಂಥವರ ಸಿಟ್ಟನ್ನು ಸಹಿಸಿಕೊಂಡು ಪ್ರಶ್ನೆ ಕೇಳುವ ಆ ಪರಿಶೀಲಕರಿಗೂ ನನ್ನ ಕೃತಜ್ಞತೆ, ಕ್ಷಮೆಯಾಚನೆಯೊಂದಿಗೆ.

ನಾಲ್ಕನೆಯ ವರ್ಷ ನಮ್ಮ ಪಾಲಿಗೆ ಕಷ್ಟದ್ದಾಗಿತ್ತು. ಕೆರೆಯ ಮುಕ್ಕಾಲು ಭಾಗವನ್ನು ಜಲಕಳೆ ಮುಚ್ಚಿ, ನೀರು ಕಾಣುತ್ತಿದ್ದದ್ದು ಕೋಡಿಯ ಬಳಿ ಮಾತ್ರ. ನಾಮದ ಕೋಳಿಗಳಿಲ್ಲ, ಗುಳುಮುಳುಕಗಳಿಲ್ಲ, ಚಳಿಗಾಲಕ್ಕೆ ಬರುತ್ತಿದ್ದ, ಸೌಟಿನಂಥ ಅಗಲ ಕೊಕ್ಕಿನ ಚಲುಕ ಬಾತುಗಳಂತೂ ಇಲ್ಲವೇ ಇಲ್ಲ. ಈ ಸಲ ಎಣಿಕೆ ಬೇಡ, ಇಲ್ಲದ್ದನ್ನು ಏನೆಂದು ಎಣಿಸುವುದು ಎಂದು ನಮ್ಮಲ್ಲೇ ಮಾತು ಬಂತು, ನಾನೂ ತಲೆಯಾಡಿಸಿದ್ದೆ. ಆದರೂ ಪ್ರತಿದಿನ ಏಳು ಗಂಟೆಗೆ ಏರಿಯ ಮೇಲೆ ನಿಂತು, ಕಳೆಯ ಮೇಲೆ ಓಡಾಡುವ ನೇರಳೆ ಜಂಬುಕೋಳಿಗಳನ್ನೂ ಒಂದೆರಡು ಬೆಳ್ಳಕ್ಕಿಗಳನ್ನೂ ಬರೆದು ಆ ಬಡಕಲು ಪಟ್ಟಿಗಳನ್ನು ಕಳುಹಿಸಿದ ಇಬ್ಬರು ಕಾಲೇಜು ಹುಡುಗರಿಗೆ ನಾವೆಲ್ಲ ಋಣಿಗಳು. ಕಳೆ ತೆಗೆಸಲು ಮನವಿ ಬರೆಯುವಾಗ ನಮ್ಮ ಕೈಯಲ್ಲಿದ್ದ ಆಧಾರವೆಂದರೆ, ಮೊದಲ ಮೂರು ವರ್ಷದ ಪಟ್ಟಿಗಳ ಪಕ್ಕದಲ್ಲಿ ಅವರ ಆ ನಾಲ್ಕು ಪಟ್ಟಿಗಳು. ಮನವಿಗೆ ಉತ್ತರ ಬರಲು ಹಿಡಿದ ಕಾಲದ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಅರ್ಧ ಕಳೆ ತೆಗೆದಿದ್ದಾರೆ, ಅದಕ್ಕೆ ಧನ್ಯವಾದ.

ಉಳಿದ ಋಣಗಳೂ ಸಣ್ಣವಲ್ಲ. ಸೆಪ್ಟೆಂಬರಿನ ಚಿಟ್ಟೆ ಎಣಿಕೆಯ ವೇಳೆ ತಮ್ಮ ತಾರಸಿಯ ಮೇಲೆ ಬಿಳಿ ಹಚ್ಚಡ ಇಳಿಬಿಟ್ಟು ದೀಪ ಹಚ್ಚಿ, ಪತಂಗ ನೋಡಲು ಬಂದ ಬಡಾವಣೆಯ ಮಕ್ಕಳಿಗೆಲ್ಲ ರಾತ್ರಿ ಹನ್ನೊಂದರವರೆಗೆ ಚುರಮುರಿ ಕೊಟ್ಟ ಮನೆಯವರು, ಹಣ ಕೇಳದೆ ದುರ್ಬೀನಿನ ಪಟ್ಟಿ ಹೊಲಿದುಕೊಟ್ಟ ಚಮ್ಮಾರರು, ಚಹಾದಂಗಡಿಯವರು.

ಕೊನೆಯದಾಗಿ, ಕೆರೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುವ ಅಕ್ಕನವರು. ಐದು ವರ್ಷವೂ ನಾವು ಬರುವ ಮುಂಚೆ ಅಲ್ಲಿರುತ್ತಿದ್ದವರು ಅವರು. ಈ ವರ್ಷ ಮೂರು ಬೆಳಗು ಚಲುಕ ಬಾತಿಗಾಗಿ ದುರ್ಬೀನು ಹಿಡಿದು ಸುಸ್ತಾದ ನಮ್ಮನ್ನು ಕಂಡು, “ಬಾತು ಹುಡುಕಾಕತ್ತೀರೇನ್ರಿ? ಅವು ಬೆಳಕು ಹರಿಯೂದ್ರಾಗ ಆಚೀ ದಂಡಿಗೆ ಹೋಗಿರತಾವ” ಎಂದರು. ನಾಲ್ಕನೆಯ ದಿನ ಕತ್ತಲಿರುವಾಗಲೇ ಹೋದೆವು. ಮಂಜಿನಲ್ಲಿ ನಮಗೆ ನಾಲ್ಕು ಕಂಡವು. ಅವರು ಬಟ್ಟೆ ಕೆಳಗಿಟ್ಟು, ಕಣ್ಣಿಗೆ ಕೈ ಅಡ್ಡ ಹಿಡಿದು ಐದು ಎಂದರು. ಬೆಳಕಾದ ಮೇಲೆ ಎಣಿಸಿದರೆ ಐದೇ ಇದ್ದವು. ಆ ಬೆಳಗಿನ ಪಟ್ಟಿಯಲ್ಲಿ ವೀಕ್ಷಕರ ಸಂಖ್ಯೆ 6 ಎಂದು ಬರೆದಿದ್ದನ್ನು ಅಳಿಸಿ, 7 ಎಂದು ತಿದ್ದಿ ಕಳುಹಿಸಿದ್ದೇವೆ.